ಮೊದಲು ಹಗ್ಗಕ್ಕೆ ಹೋದ ಕೈ

ಮೋಹನ್‌ಬಾಬು ಕಟ್ಟಿದ ಹಗ್ಗವನ್ನು ಇನ್ನೊಬ್ಬರು ಎಳೆದು ನೋಡುವ ಪದ್ಧತಿ ನಮ್ಮ ಶಿಡ್ಲಘಟ್ಟದ ಕಡೆ ಇಲ್ಲ. ಅವನು ಕಟ್ಟಿದನೆಂದರೆ ಮುಗಿಯಿತು. ಅವನದೊಂದು ಪುಟ್ಟ ಗೂಡ್ಸ್ ಟೆಂಪೊ. ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ಬೆಳಗಾಗುವಷ್ಟರಲ್ಲಿ ಮಾರ್ಕೆಟ್ಟಿಗೆ ತಂದಿಳಿಸುವುದು ಒಂದು ಕೆಲಸ, ಹುಳ ಸಾಕುವವರಿಗೆ ಚಂದ್ರಿಕೆ ಬಾಡಿಗೆಗೆ ಕೊಡುವುದು ಇನ್ನೊಂದು. ಚಂದ್ರಿಕೆ ಎಂದರೆ ಬಾಗಿಲಿನಷ್ಟು ಅಗಲದ ಬಿದಿರಿನ ಚಾಪೆ. ಮೇಲೆ ಸುರುಳಿಸುರುಳಿಯಾಗಿ ಪಟ್ಟಿ ಕಟ್ಟಿರುತ್ತದೆ. ಹಣ್ಣಾದ ಹುಳವನ್ನು ಅದರ ಮೇಲೆ ಬಿಟ್ಟರೆ ಅಲ್ಲೇ ಗೂಡು ಕಟ್ಟುತ್ತದೆ. ಹುಳ ಹಣ್ಣಾದ ದಿನ ಚಂದ್ರಿಕೆ ಮನೆ ಮುಂದೆ ಇರಲೇಬೇಕು, ನಾಳೆ ಬರುತ್ತೇನೆ ಎನ್ನುವ ಮಾತು ಹುಳಕ್ಕೆ ತಿಳಿಯುವುದಿಲ್ಲ.

ಅವನಿಗೆ ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ಒಂದೇ ಚಟ, ಒಳ್ಳೆಯವನು ಅನ್ನಿಸಿಕೊಳ್ಳುವುದು. ಯಾರ ಮನೆಯ ಮದುವೆಗಾದರೂ ಕುರ್ಚಿ ಸಾಗಿಸಿಕೊಡುತ್ತಿದ್ದ, ಬಸ್ಸು ತಪ್ಪಿದ ಮುದುಕಿಯರನ್ನು ಮುಂದಿನ ಸೀಟಿಗೆ ಹತ್ತಿಸಿಕೊಂಡು ಮುರುಗಮಲ್ಲದ ದರ್ಗಾವರೆಗೂ ಬಿಟ್ಟು ಬರುತ್ತಿದ್ದ. ಅವನ ಹೆಂಡತಿ ತನುಜ, "ನಮ್ಮೋರು ಊರಿಗೆಲ್ಲಾ ಅಳಿಯ" ಎಂದು ರೇಗಿಸುತ್ತಿದ್ದಳು. ಅವನಿಗೆ ಅದು ಹೊಗಳಿಕೆಯಾಗಿ ಕೇಳುತ್ತಿತ್ತು. ನನ್ನನ್ನು ಕೇಳಿದರೆ ಈ ಚಟ ಬೀಡಿಗಿಂತ ಕೆಟ್ಟದ್ದು. ಬೀಡಿ ಸೇದುವವನಿಗೆ ಕೆಮ್ಮು ಬಂದಾಗಲಾದರೂ ಎಚ್ಚರವಾಗುತ್ತದೆ.

ದೀಪಾವಳಿ ಕಳೆದು ಕೆಲವು ದಿನವಾಗಿತ್ತು. ಚಳಿ ಇನ್ನೂ ಹಿಡಿದಿರಲಿಲ್ಲ. ಅಂದು ಬೆಳಿಗ್ಗೆ ಚಿಂತಾಮಣಿ ದಿಕ್ಕಿನ ಎರಡು ಊರಿನಿಂದ ಒಟ್ಟಿಗೆ ಫೋನು ಬಂತು. ಎರಡೂ ಕಡೆ ಹುಳ ಹಣ್ಣಾಗಿದ್ದವು, ಎರಡೂ ಕಡೆ ಚಂದ್ರಿಕೆ ಬೇಕಾಗಿತ್ತು. ಎರಡು ಸಲ ಹೋಗಿಬರಬೇಕಾದ ಸಾಮಾನನ್ನು ಮೋಹನ್‌ಬಾಬು ಒಂದೇ ಸಲಕ್ಕೆ ಹೇರಿದ. ಯಾವಾಗಲೂ ಚಂದ್ರಿಕೆಗಳನ್ನು ಟೆಂಪೊದೊಳಗೆ ನಿಲ್ಲಿಸಿ ಕಟ್ಟುವವನು ಅಂದು ಉಳಿದ ಕೆಲವನ್ನು ಮೇಲೆ ಅಡ್ಡಡ್ಡ ಮಲಗಿಸಿದ. ಎಡಗಡೆ ಅವು ಕನ್ನಡಿಯನ್ನೂ ದಾಟಿ ಆಚೆ ಚಾಚಿಕೊಂಡವು. ಹೀಗೆ ಹೇರಬಾರದು ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಗ್ಗ ಬಿಗಿಯಾಗಿದೆಯಲ್ಲ ಎಂದುಕೊಂಡ, ಅಷ್ಟೇ.

ಊರಿನಾಚೆ ಹೊಂಗೆಮರಗಳ ಸಾಲಿರುವ ತಿರುವಿನಲ್ಲಿ ಮುಂದೊಂದು ಹಳೆಯ ಮೊಪೆಡ್ ಹೋಗುತ್ತಿತ್ತು. ಹಿಂದೆ ಹಿಪ್ಪುನೇರಳೆ ಸೊಪ್ಪಿನ ದೊಡ್ಡ ಹೊರೆ, ಹೊರೆಯ ಮುಂದೆ ಬಿಳಿ ಟವೆಲು ಸುತ್ತಿದ ತಲೆ. ರಸ್ತೆಯ ಎಡ ಅಂಚಿನಲ್ಲಿ ತನ್ನ ಪಾಡಿಗೆ ಹೋಗುತ್ತಿತ್ತು. ಮೋಹನ್‌ಬಾಬು ಹಾರನ್ ಹೊಡೆದು ಪಕ್ಕದಿಂದ ಮುಂದೆ ಹೋದ. ಟೆಂಪೊ ದಾಟಿತು, ಮೇಲಿನ ಚಂದ್ರಿಕೆ ದಾಟಲಿಲ್ಲ. ಬಿದಿರಿನ ಅಂಚು ಸೊಪ್ಪನ್ನು ಸವರಿದ ಸದ್ದು ಕೇಳಿಸಿತು. ಅದರ ಹಿಂದೆಯೇ ಏನೋ ಉರುಳಿದ ಸದ್ದು. ಕನ್ನಡಿಯಲ್ಲಿ ನೋಡಿದಾಗ ರಸ್ತೆಯಲ್ಲಿ ಮೊಪೆಡ್ ಇರಲಿಲ್ಲ.

ಗಾಡಿ ನಿಲ್ಲಿಸಿ ಇಳಿದ. ಹಿಂದೆ ಮೋರಿಯ ಪಕ್ಕದಲ್ಲಿ ಮೊಪೆಡ್ ಬಿದ್ದಿತ್ತು, ಅದರಾಚೆ ಆ ಮನುಷ್ಯ ಮಗ್ಗುಲಾಗಿ ಬಿದ್ದಿದ್ದ, ಸೊಪ್ಪು ಚೆಲ್ಲಾಪಿಲ್ಲಿಯಾಗಿತ್ತು. ಟೆಂಪೊದ ಮೇಲೆ ಒಂದು ಚಂದ್ರಿಕೆಯ ಅಂಚು ಮುರಿದು ಜೋತಾಡುತ್ತಿತ್ತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಆಗ ಮೋಹನ್‌ಬಾಬುವಿನ ಕೈ ಮೊದಲು ಹೋದದ್ದು ಹಗ್ಗಕ್ಕೆ. ಗಂಟು ಸಡಿಲಿಸಿ, ಚಾಚಿಕೊಂಡಿದ್ದ ಚಂದ್ರಿಕೆಗಳನ್ನು ಒಳಕ್ಕೆ ತಳ್ಳಿ, ಮುರಿದದ್ದನ್ನು ಅಡಿಗೆ ಸೇರಿಸಿ, ಮತ್ತೆ ಬಿಗಿದು ಕಟ್ಟಿದ. ಆಮೇಲೆ ಓಡಿದ.

ಇದಿಷ್ಟನ್ನೂ ಅವನೇ ನನಗೆ ಹೇಳಿದ್ದು. ಹೇಳುವಾಗ ಬೇರೆಲ್ಲ ಮಾತು ಸರಾಗವಾಗಿ ಬಂದವು, ಈ ಹಗ್ಗದ ಮಾತಿಗೆ ಬಂದಾಗ ಮಾತ್ರ ತನ್ನ ಅಂಗೈಯನ್ನೇ ನೋಡುತ್ತಾ ಕೂತ. "ಬೇರೆ ಯಾರ್ದೋ ಕೈ ಅನ್ನೋ ಹಂಗೆ ಮಾಡ್ಬಿಡ್ತು ಸಾರ್" ಎಂದ. ಕೈ ಅವನದೇ ಎಂದು ನಾನು ಹೇಳಿದೆ.

ಬಿದ್ದವರು ಆ ಹತ್ತಿರದ ಹಳ್ಳಿಯ ಮುನಿಶಾಮಪ್ಪ. ಅರವತ್ತು ದಾಟಿದವರು, ಸಣ್ಣ ಮೈ. ಹಣೆ ಒಡೆದು ರಕ್ತ ಬರುತ್ತಿತ್ತು, ಪ್ರಜ್ಞೆ ಇರಲಿಲ್ಲ. ಮೋಹನ್‌ಬಾಬು ತನ್ನ ಶರಟು ಬಿಚ್ಚಿ ತಲೆಗೆ ಕಟ್ಟಿ, ಎತ್ತಿ ಮುಂದಿನ ಸೀಟಿನಲ್ಲಿ ಮಲಗಿಸಿ, ಹಾರನ್ನಿನ ಮೇಲಿನ ಕೈ ತೆಗೆಯದೆ ಆಸ್ಪತ್ರೆಗೆ ಓಡಿಸಿದ. ಅದೂ ನಿಜವೇ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದು ಡಾಕ್ಟರೇ ಹೇಳಿದರು.

"ಏನಾಯ್ತು?" ಎಂದು ನರ್ಸ್ ಕೇಳಿದಳು.

"ರೋಡಲ್ಲಿ ಬಿದ್ದಿದ್ರು. ಕರ್ಕೊಂಡ್ ಬಂದೆ."

ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನಗೆ ಅವನ ಮೇಲೆ ಹೆಚ್ಚು ಸಿಟ್ಟು ಬರುವುದು ಅದಕ್ಕೇ.

ಅಷ್ಟರಲ್ಲಿ ಸುದ್ದಿ ತಿಳಿದು ಮುನಿಶಾಮಪ್ಪನವರ ಹೆಂಡತಿ ವೆಂಕಟರತ್ನಮ್ಮ ಎದೆ ಬಡಿದುಕೊಳ್ಳುತ್ತಾ ಬಂದರು. ಶರಟಿಲ್ಲದೆ ಬನಿಯನ್ನಿನಲ್ಲಿ, ಮೈಯೆಲ್ಲಾ ರಕ್ತ ಮಾಡಿಕೊಂಡು ನಿಂತಿದ್ದ ಮೋಹನ್‌ಬಾಬುವನ್ನು ನೋಡಿ ಆಕೆ ಅವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. "ನಾಯನಾ, ಯಾವ ತಾಯಿ ಹೆತ್ತ ಮಗನೋ ನೀನು! ಗುದ್ದಿದ್ ಪಾಪಿ ಬಿಟ್ಟು ಓಡೋದ, ನೀನು ದೇವ್ರು ಬಂದಂಗೆ ಬಂದೆ" ಎಂದರು. ಗುದ್ದಿದವರು ಯಾರೆಂದು ಆಕೆಗೇನೂ ಗೊತ್ತಿರಲಿಲ್ಲ, ಸಂಕಟದಲ್ಲಿ ಬಾಯಿಗೆ ಬಂದದ್ದು. ಮೋಹನ್‌ಬಾಬುವಿಗೆ ನಿಜ ಹೇಳಲು ಅದೇ ಸಮಯವಾಗಿತ್ತು. ಸುತ್ತ ಜನ ನಿಂತಿದ್ದರು, ಎಲ್ಲರೂ ಅವನನ್ನೇ ನೋಡುತ್ತಿದ್ದರು, ಎಲ್ಲರ ಕಣ್ಣಲ್ಲೂ ಅವನು ಒಳ್ಳೆಯವನಾಗಿದ್ದ. ಅವನು ತಲೆ ತಗ್ಗಿಸಿದ. ಜನ ಅದನ್ನು ವಿನಯವೆಂದುಕೊಂಡರು.

ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ಪುಟ್ಟಸ್ವಾಮಯ್ಯ ಬಂದರು. ಒರಟು ಮಾತಿನ, ಕೆಟ್ಟವರಲ್ಲದ ಮನುಷ್ಯ. ತಿರುವಿಗೆ ಹೋಗಿ ನೋಡಿದರು. ಮೊಪೆಡ್ಡಿಗೆ ಹಿಂದಿನಿಂದ ಏನೂ ತಾಗಿದ ಗುರುತಿರಲಿಲ್ಲ, ರಸ್ತೆಯ ಮೇಲೆ ಗಾಜಿನ ಚೂರಿರಲಿಲ್ಲ, ಬೇರೆ ಗಾಡಿಯ ಬಣ್ಣ ಅಂಟಿರಲಿಲ್ಲ. ಬಿದಿರು ಎಲ್ಲಿ ಬಣ್ಣ ಬಿಡುತ್ತದೆ? ಎರಡು ಆಳು ಹೊರುವಷ್ಟು ಸೊಪ್ಪು ಮಾತ್ರ ಚೆಲ್ಲಿತ್ತು. ಮುನಿಶಾಮಪ್ಪನವರಿಗೆ ಎಚ್ಚರವಾದಾಗ ಕೇಳಿದರು. ಅವರಿಗೆ ಮನೆಯಿಂದ ಹೊರಟದ್ದು ನೆನಪಿತ್ತು, ತಿರುವು ನೆನಪಿರಲಿಲ್ಲ. ಹೊರೆ ಜಾಸ್ತಿಯಾಗಿ ಆಯ ತಪ್ಪಿ ತಾವೇ ಬಿದ್ದಿದ್ದಾರೆ ಎಂದು ಪುಟ್ಟಸ್ವಾಮಯ್ಯ ತೀರ್ಮಾನಿಸಿದರು. ಹೊರಡುವಾಗ ಮೋಹನ್‌ಬಾಬುವಿನ ಬೆನ್ನು ತಟ್ಟಿ, "ನಿನ್ನಂಥೋರು ಬೇಕಯ್ಯಾ ಊರಿಗೆ" ಎಂದರು.

ಮೂಲೆಮೂಲೆಯಲ್ಲಿ ಮಾತು ಬೆಳೆಯಿತು. ಮುನಿಶಾಮಪ್ಪ ಆಯ ತಪ್ಪಿ ಬಿದ್ದರು ಎಂಬುದು ವಯಸ್ಸಾಗಿ ಬಿದ್ದರು ಎಂದಾಯಿತು. ಹಾಲಿನ ಡೈರಿ ಹತ್ತಿರ ಅದು ಕಣ್ಣು ಕಾಣದೆ ಬಿದ್ದರು ಎಂದಾಯಿತು. ಟೀ ಅಂಗಡಿಗೆ ಬರುವಷ್ಟರಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಹಾಕಿಕೊಂಡಿದ್ದರಂತೆ ಎಂದೂ ಆಯಿತು. ಕಾಫಿಯನ್ನು ಕೂಡ ಎರಡನೇ ಸಲ ಕುಡಿಯದ ಮನುಷ್ಯ ಅವರು. ಮೊಪೆಡ್ ಕೊಂಡ ದಿನದಿಂದ ಅದರ ಮೇಲೆ ಸೊಪ್ಪು ತಂದಿದ್ದಾರೆ, ಮಗಳನ್ನು ಶಾಲೆಗೆ ಬಿಟ್ಟಿದ್ದಾರೆ, ಮಳೆಯಲ್ಲಿ ಕೆರೆಯ ಏರಿ ಮೇಲೆ ಹೋಗಿದ್ದಾರೆ, ಒಂದು ದಿನವೂ ಕಾಲು ನೆಲಕ್ಕೂರದೆ ಬಂದು ಮನೆ ಮುಂದೆ ನಿಲ್ಲಿಸಿದ್ದಾರೆ. ಆ ಊರಿನಲ್ಲಿ ಅವರಿಗಿದ್ದ ಹೆಮ್ಮೆ ಅದೊಂದೇ. ಜಮೀನು ಹೆಚ್ಚಿದ್ದವರು ಬೇರೆ ಇದ್ದರು, ಮಾತು ಬಲ್ಲವರು ಬೇರೆ ಇದ್ದರು.

ಮೂಳೆ ಮುರಿದ ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಅವರು ಮನೆಗೆ ಬಂದಾಗ ಹುಳಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದು ಹಸಿದು ಕೂತಿದ್ದವು. ಜ್ವರ ಎಂದರೆ ಹುಳ ಪೊರೆ ಬಿಡುವ ಹೊತ್ತು. ಅದು ಕಳೆದ ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಕತ್ತರಿಸುವ ಕೈ ಕಟ್ಟಿ ಕೂತಿತ್ತು. ಮೋಹನ್‌ಬಾಬು ಯಾರೂ ಕರೆಯದೆ ಬಂದ. ಬೆಳಿಗ್ಗೆ ಮಾರ್ಕೆಟ್ಟಿನ ಕೆಲಸ ಮುಗಿಸಿ ನೇರವಾಗಿ ಅವರ ತೋಟಕ್ಕೆ ಹೋಗಿ ಸೊಪ್ಪು ಕೊಯ್ದ, ಹೊತ್ತು ತಂದ, ಹಾಕಿದ, ಕಸ ತೆಗೆದ. ಕೈಯಲ್ಲಿ ಬೊಬ್ಬೆ ಎದ್ದವು. ಒಂದೊಂದು ಹೊರೆಗೂ ತನ್ನ ತಪ್ಪು ಒಂದಿಷ್ಟು ಇಳಿಯಿತು ಎಂದುಕೊಳ್ಳುತ್ತಿದ್ದನಂತೆ. ಅವರ ಮನೆಯವರಿಗೋ ಅವನ ಋಣ ಏರುತ್ತಲೇ ಹೋಯಿತು.

ಹುಳ ಹಣ್ಣಾದವು. ಚಂದ್ರಿಕೆಯನ್ನೂ ಅವನೇ ತಂದ, ಬಾಡಿಗೆ ಬೇಡವೆಂದ. ಮೊದಲ ಹುಳವನ್ನು ಕೈಗುಣ ಇದ್ದವರು ಬಿಡಬೇಕು ಎಂಬುದು ವೆಂಕಟರತ್ನಮ್ಮನ ನಂಬಿಕೆ. ಕೈಗುಣ ಇದ್ದವರು ಮುಟ್ಟಿದರೆ ಗೂಡು ಗಟ್ಟಿಯಾಗುತ್ತದಂತೆ. ಇಷ್ಟು ವರ್ಷ ಅದನ್ನು ಮಾಡುತ್ತಿದ್ದವರು ಮುನಿಶಾಮಪ್ಪನವರೇ. ಈ ಸಲ ಆಕೆ ತಟ್ಟೆ ತುಂಬಾ ಹಣ್ಣುಹುಳ ತಂದು ಮೋಹನ್‌ಬಾಬುವಿನ ಮುಂದೆ ಹಿಡಿದರು.

"ನೀನೇ ಬಿಡಪ್ಪಾ. ನಿನ್ ಕೈಗಿಂತ ಒಳ್ಳೆ ಕೈ ಈ ಊರಲ್ಲಿಲ್ಲ."

"ಬೇಡ ಅಕ್ಕಾ. ಅಣ್ಣ ಬಿಡ್ಲಿ, ಇನ್ನೊಂದು ಕೈ ಚೆನ್ನಾಗೈತಲ್ಲ."

"ಅವ್ರ ಕೈ ಇನ್ನೇನು ಬಿಡು" ಎಂದರು ಆಕೆ, ಗಂಡನಿಗೆ ಕೇಳಿಸುವಂತೆಯೇ. ಬೇಕೆಂದು ನೋಯಿಸಿದ್ದಲ್ಲ. ಮನೆಯಲ್ಲಿ ಅಷ್ಟರಲ್ಲೇ ಆ ಮಾತು ರೂಢಿಯಾಗಿತ್ತು.

ಆಕೆ ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳಲ್ಲಿ ಒಂದನ್ನು ಎಳೆದು ನೆಲಕ್ಕೆ ಹಾಸಿದರು. ಅಂಚು ಮುರಿದು, ತಂತಿ ಸುತ್ತಿ ಸರಿ ಮಾಡಿದ ಚಂದ್ರಿಕೆ ಅದು. ಅದನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದುಕೊಂಡಿದ್ದ ಮೋಹನ್‌ಬಾಬು, ಆದರೆ ಹೇರುವಾಗ ಅದು ಹೇಗೋ ಸೇರಿಹೋಗಿತ್ತು. ಅದರ ಮೇಲೆಯೇ ಅವನು ಹುಳ ಬಿಟ್ಟ. ಎರಡು ಹುಳ ನೆಲಕ್ಕೆ ಬಿದ್ದವು. ಮುನಿಶಾಮಪ್ಪ ಬಗ್ಗಿ, ಒಳ್ಳೆಯ ಕೈಯಿಂದ ಅವನ್ನು ಎತ್ತಿ ಚಂದ್ರಿಕೆಗೆ ಬಿಟ್ಟು, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದರು.

"ಅಲ್ಲಪ್ಪಾ ಮೋಹನ, ನಾನ್ ಹೆಂಗ್ ಬಿದ್ದೆ? ನೀನೇನಾದ್ರೂ ನೋಡಿದ್ಯಾ? ಎಷ್ಟ್ ಯೋಚ್ನೆ ಮಾಡಿದ್ರೂ ಹೊಳೀತಿಲ್ಲ."

"ನಾನ್ ಬರೋ ಹೊತ್ಗೆ ನೀವು ಬಿದ್ಬಿಟ್ಟಿದ್ರಿ ಅಣ್ಣಾ."

ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದವನು ಈಗ ಬಾಯಿ ಬಿಟ್ಟು ಸುಳ್ಳು ಹೇಳಿದ. ಮುನಿಶಾಮಪ್ಪ ತಲೆ ಆಡಿಸಿದರು. "ನಂಗೇ ನಾಚಿಕೆ ಆಯ್ತದೆ ಕಣಪ್ಪಾ" ಎಂದರು. "ಆ ತಿರುವು ಕಣ್ಮುಚ್ಚಿದ್ರೂ ಗೊತ್ತು ನಂಗೆ. ಅಲ್ಲಿ ಬಿದ್ದೆ ಅಂದ್ರೆ ನನ್ ಕಥೆ ಮುಗೀತು ಅಂತ ತಾನೇ?"

ನಾಚಿಕೆಪಡಬೇಕಾದವನು ಎದುರಿಗೇ ಕೂತಿದ್ದ. ನಾಚಿಕೆಪಟ್ಟವರು ಆ ಮುದುಕ.

ಆ ಬೆಳೆ ಚೆನ್ನಾಗಿ ಬಂತು. ಮೋಹನ್‌ಬಾಬುವಿನ ಕೈಗುಣವೇ ಎಂದು ವೆಂಕಟರತ್ನಮ್ಮ ಊರೆಲ್ಲಾ ಸಾರಿದರು. ಆದರೆ ಚಿಂತಾಮಣಿಗೆ ಕೊಟ್ಟಿದ್ದ ಮಗಳು ಪದ್ಮಶ್ರೀ ಬಂದವಳು ಅಪ್ಪನನ್ನು ಕೂರಿಸಿಕೊಂಡು, ಇನ್ನು ಗಾಡಿ ಮುಟ್ಟಕೂಡದು ಎಂದು ಹೇಳಿ ಮೊಪೆಡ್ಡಿನ ಕೀಲಿಯನ್ನು ಅಮ್ಮನ ಸೆರಗಿಗೆ ಕಟ್ಟಿದಳು. ಗಾಡಿಯಿಲ್ಲದೆ ದೂರದ ತೋಟದಿಂದ ಸೊಪ್ಪು ತರುವವರು ಯಾರು? ಸೊಪ್ಪಿಲ್ಲದೆ ಹುಳವೆಲ್ಲಿ? ತೋಟವನ್ನು ಗುಲಾಬಿ ಬೆಳೆಯುವವರಿಗೆ ಗುತ್ತಿಗೆ ಕೊಡುವ ಮಾತಾಯಿತು. ಹಿಪ್ಪುನೇರಳೆ ಗಿಡ ಬೇರುಸಹಿತ ಕೀಳಿಸಬೇಕಾಗುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ಮುನಿಶಾಮಪ್ಪ ಯಾವುದಕ್ಕೂ ಬೇಡವೆನ್ನಲಿಲ್ಲ. ಜಗಲಿ ಬಿಟ್ಟು ಏಳುವುದೂ ಕಡಿಮೆಯಾಯಿತು. ನಾಲ್ಕು ಹೆಜ್ಜೆ ಹಾಕುವಾಗಲೂ ಗೋಡೆ ಹಿಡಿಯತೊಡಗಿದರು. ಗೋಡೆ ಬೇಕಾಗಿರಲಿಲ್ಲ. ಭುಜ ಕೂಡಿತ್ತು, ಕಣ್ಣು ಚೆನ್ನಾಗಿವೆ ಎಂದು ಡಾಕ್ಟರು ಹೇಳಿದ್ದರು. ಅವರು ತಮ್ಮನ್ನು ತಾವೇ ನಂಬುವುದನ್ನು ಬಿಟ್ಟಿದ್ದರು.

ಜನವರಿಯಲ್ಲಿ ಚಿಕ್ಕಬಳ್ಳಾಪುರದಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮ. ಜಿಲ್ಲೆಯ ಡ್ರೈವರುಗಳೆಲ್ಲ ಸೇರಿದ್ದರು, ನಂದಿಯ ದ್ರಾಕ್ಷಿ ಗಾಡಿಯವರಿಂದ ಹಿಡಿದು ಗೌರಿಬಿದನೂರಿನ ಆಟೊದವರವರೆಗೆ. ನಾನೂ ಹೋಗಿದ್ದೆ, ಚಪ್ಪಾಳೆಯನ್ನೂ ತಟ್ಟಿದ್ದೆ. ಅಪಘಾತದಲ್ಲಿ ಜೀವ ಉಳಿಸಿದವನೆಂದು ಮೋಹನ್‌ಬಾಬುವಿಗೆ ಸನ್ಮಾನ. ಪುಟ್ಟಸ್ವಾಮಯ್ಯನವರೇ ಅವನ ಹೆಸರು ಕೊಟ್ಟಿದ್ದರು. ಅವನು ಬೇಡವೆಂದನಂತೆ, ಅದಕ್ಕೂ ಜನ ವಿನಯವಂತ ಎಂದರಂತೆ. ಪೇಟ ತೊಡಿಸಿದರು, ಶಾಲು ಹೊದಿಸಿದರು. ಹಾರ ಹಾಕಲು ಕರೆದದ್ದು ಮುನಿಶಾಮಪ್ಪನವರನ್ನು. ಒಗೆದ ಪಂಚೆ ಉಟ್ಟು ಬಂದ ಅವರು ಕುತ್ತಿಗೆಗೆ ಹಾರ ಹಾಕಿ, ತಮಗಿಂತ ಚಿಕ್ಕವನಿಗೆ ಕೈ ಮುಗಿದರು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಎರಡು ಮಾತಾಡಿ ಎಂದು ಅವರ ಕೈಗೆ ಮೈಕು ಕೊಟ್ಟರು.

"ನಾನ್ ಓದಿಲ್ಲ ಸಾರ್" ಎಂದರು ಮುನಿಶಾಮಪ್ಪ. "ವಯಸ್ಸಾದೋರು ಗಾಡಿ ಓಡಿಸ್ಬೇಡಿ. ನಾನು ಓಡಿಸ್ತೀನಿ ಅಂತ ಜಂಬ ಮಾಡ್ದೆ, ಬಿದ್ದೆ. ನನ್ನಿಂದ ಎಲ್ರಿಗೂ ತೊಂದ್ರೆ ಆಯ್ತು. ತಪ್ಪಾಯ್ತು."

ಸಭೆಯಲ್ಲಿ ಯಾರೋ ನಕ್ಕರು, ಮತ್ತೆ ಯಾರೋ ಚಪ್ಪಾಳೆ ತಟ್ಟಿದರು. ಇದೊಂದು ಒಳ್ಳೆಯ ಪಾಠ ಎಂದು ಅಧಿಕಾರಿಯೊಬ್ಬರು ಹೇಳಿದರು. ಮೋಹನ್‌ಬಾಬು ಪೇಟದಡಿ ಬೆವರುತ್ತಾ ಕೂತಿದ್ದ.

ಆಮೇಲೆ ಎದ್ದವರು ವಕೀಲೆ ರಂಜನಿ. ಮೇಷ್ಟರೊಬ್ಬರ ಮಗಳು, ಸುತ್ತಿ ಬಳಸಿ ಮಾತಾಡುವವರಲ್ಲ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕನನ್ನು ಯಾರೂ ಪೀಡಿಸುವಂತಿಲ್ಲ, ಹೆಸರು ಹೇಳೆಂದು ಬಲವಂತ ಮಾಡುವಂತೆಯೂ ಇಲ್ಲ ಎಂದರು. "ಆದ್ರೆ ನಿಮ್ಮ ಗಾಡಿಯಿಂದಲೇ ಅಪಘಾತ ಆಗಿದ್ರೆ ಆ ರಿಯಾಯಿತಿ ನಿಮಗಿಲ್ಲ. ಆಸ್ಪತ್ರೆಗೆ ಸೇರಿಸೋದು ಅರ್ಧ ಕೆಲಸ. ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ, ತಡ ಅಂದ್ರೂ ಇಪ್ಪತ್ನಾಲ್ಕು ಗಂಟೆ ಒಳಗೆ, ಠಾಣೆಗೆ ಹೋಗಿ ನನ್ನಿಂದ ಹೀಗಾಯ್ತು ಅಂತ ಹೇಳ್ಬೇಕು. ಇನ್ಶೂರೆನ್ಸ್‌ನವರಿಗೂ ತಿಳಿಸ್ಬೇಕು. ಯಾಕೆ ಗೊತ್ತಾ? ನೀವು ಹೇಳ್ದೆ ಇದ್ರೆ ಬಿದ್ದವರಿಗೆ ತಾವು ಯಾಕೆ ಬಿದ್ವಿ ಅನ್ನೋದೇ ತಿಳಿಯಲ್ಲ. ಪರಿಹಾರ ಆಮೇಲಿನ ಮಾತು."

ಕಾರ್ಯಕ್ರಮ ಮುಗಿದು ಜನ ಊಟಕ್ಕೆ ನುಗ್ಗುವಾಗ ಮೋಹನ್‌ಬಾಬು ಪೇಟ ಕೈಯಲ್ಲಿ ಹಿಡಿದುಕೊಂಡು ರಂಜನಿಯವರ ಹತ್ತಿರ ಹೋದ.

"ಮೇಡಂ, ಆ ಟೈಮು ದಾಟಿಹೋಗಿದ್ರೆ?"

ಆಕೆ ಅವನ ಮುಖ ನೋಡಿದರು, ಕೈಯಲ್ಲಿದ್ದ ಪೇಟ ನೋಡಿದರು. "ತಡ ಮಾಡಿದ್ದಕ್ಕೆ ಏನಾಗ್ಬೇಕೋ ಅದಾಗುತ್ತೆ. ಹೇಳೋ ಕೆಲಸ ಮಾತ್ರ ಹಾಗೇ ಬಾಕಿ ಇರುತ್ತೆ" ಎಂದರು. ಮತ್ತೇನೂ ಕೇಳಲಿಲ್ಲ.

ಅಂದೇ ಹೋಗಿ ಹೇಳಿದನೇ? ಇಲ್ಲ. ಸನ್ಮಾನದ ಫೋಟೋಗೆ ತನುಜ ಕಟ್ಟು ಹಾಕಿಸಿ, ತಾನೇ ಮೊಳೆ ಹೊಡೆದು ನಡುಮನೆಯಲ್ಲಿ ತೂಗುಹಾಕಿದಳು. ಅದರ ಕೆಳಗೆ ಕೂತು ಅವನು ಮುದ್ದೆ ಉಂಡ. ಶಿವರಾತ್ರಿ ಹತ್ತಿರವಾಗುವವರೆಗೂ ಉಂಡ. ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎನ್ನುತ್ತಾನೆ, ಆದರೂ ಉಂಡ. ಇಂಥವರನ್ನು ಕಂಡರೆ ನನಗೆ ಹಿಡಿದು ಅಲ್ಲಾಡಿಸುವಷ್ಟು ಕೋಪ ಬರುತ್ತದೆ. ಅವನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಯಾರೂ ನನ್ನನ್ನು ಕೇಳಬೇಡಿ.

ಒಂದು ಬೆಳಿಗ್ಗೆ ವೆಂಕಟರತ್ನಮ್ಮ ಫೋನು ಮಾಡಿದರು. ಗುಲಾಬಿಯವರು ಇವತ್ತು ಬಂದು ಮಾತು ಮುಗಿಸುತ್ತಾರೆ, ನಾಳೆಯೇ ಗಿಡ ಕೀಳಲು ಮಿಷನ್ನು ಬರುತ್ತದೆ, ಮನೆಮಗನ ಹಾಗೆ ನೀನು ಪಕ್ಕದಲ್ಲಿರಬೇಕು ಎಂದರು. "ಅವ್ರು ನಿನ್ನೆಯಿಂದ ಏನೂ ತಿಂದಿಲ್ಲ ನಾಯನಾ. ನೀನ್ ಹೇಳಿದ್ರೆ ಕೇಳ್ತಾರೆ" ಎಂದರು.

ಫೋನಿಟ್ಟು ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ತನುಜ ಅಳಲಿಲ್ಲ, ಕೂಗಲಿಲ್ಲ. ಒಂದೇ ಮಾತು ಕೇಳಿದಳು.

"ಆ ಮುದುಕನ ಕೈಲಿ ಹಾರ ಹಾಕಿಸ್ಕೊಂಡ್ಯಾ?"

ಅವನು ಟೆಂಪೊದ ಕೀಲಿ ತೆಗೆದುಕೊಳ್ಳಲಿಲ್ಲ. ಆ ಟೆಂಪೊದಲ್ಲಿ ಆ ಮನೆ ಮುಂದೆ ಹೋಗಿ ಇಳಿಯಲು ಅವನಿಂದ ಆಗಲಿಲ್ಲ. ಬಸ್ಸು ಹತ್ತಿ, ಹಳ್ಳಿಯ ಕ್ರಾಸಿನಲ್ಲಿ ಇಳಿದು ನಡೆದು ಹೋದ.

ಜಗಲಿಯ ಮೇಲೆ ಮುನಿಶಾಮಪ್ಪ ಗೋಡೆಗೆ ಒರಗಿ ಕೂತಿದ್ದರು. ವೆಂಕಟರತ್ನಮ್ಮ ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ಗುಲಾಬಿಯವರು ಇನ್ನೂ ಬಂದಿರಲಿಲ್ಲ. ಮೋಹನ್‌ಬಾಬು ಮೇಲೆ ಹತ್ತದೆ ಅಂಗಳದಲ್ಲೇ ನಿಂತ.

"ಅಣ್ಣಾ, ನಿಮ್ಗೆ ಗುದ್ದಿದ್ದು ನಾನು. ನನ್ ಗಾಡಿ ಮೇಲಿದ್ದ ಚಂದ್ರಿಕೆ ಆಚೆ ಚಾಚ್ಕೊಂಡಿತ್ತು. ಅದು ತಗುಲಿ ನೀವ್ ಬಿದ್ರಿ."

ವೆಂಕಟರತ್ನಮ್ಮನ ಕೈಯ ಮೊರ ನಿಂತಿತು. "ಏಮಂಟಿವಿ?" ಎಂದರು ತೆಲುಗಿನಲ್ಲಿ, ಏನಂದೆ ಎಂದು. ಅವನು ಮತ್ತೊಮ್ಮೆ ಹೇಳಿದ. ಆಕೆ ಮೊರ ಕೆಳಗಿಟ್ಟು ಎದ್ದು ಬಂದು, ಒಂದು ಕಾಲದಲ್ಲಿ ಹಣೆಗೆ ಒತ್ತಿಕೊಂಡಿದ್ದ ಅವನ ಕೈಗಳನ್ನು ನೋಡಿದರು. "ನನ್ ಹುಳಕ್ಕೆ ಈ ಕೈ ಹಾಕಿಸ್ದೆನಲ್ಲೋ" ಎಂದರು. "ಅವ್ರನ್ನ ಪಕ್ಕಕ್ಕೆ ಕೂರ್ಸಿ ಈ ಕೈ ಹಾಕಿಸ್ದೆನಲ್ಲೋ!" ಹೊಡೆದಿದ್ದರೆ ವಾಸಿಯಿತ್ತು ಎಂದು ಮೋಹನ್‌ಬಾಬು ನನಗೆ ಹೇಳಿದ.

ಮುನಿಶಾಮಪ್ಪ ಮಾತ್ರ ಹೆಂಡತಿಯ ಕಡೆ ನೋಡಲಿಲ್ಲ. ಗೋಡೆ ಬಿಟ್ಟು ನೆಟ್ಟಗೆ ಕೂತಿದ್ದರು.

"ಹಂಗಾದ್ರೆ ನಾನಾಗ್ ನಾನು ಬೀಳಲಿಲ್ವಾ?"

"ಇಲ್ಲ ಅಣ್ಣಾ."

"ಎಡಗಡೇನೇ ಹೋಗ್ತಿದ್ನಾ?"

"ಎಡಗಡೆ ಅಂಚಲ್ಲೇ ಇದ್ರಿ."

"ಗಾಡಿ ಓಲಾಡ್ತಿತ್ತಾ?"

"ಒಂಚೂರೂ ಓಲಾಡ್ತಿರ್ಲಿಲ್ಲ. ನೆಟ್ಟಗೆ ಹೋಗ್ತಿದ್ರಿ."

"ಇನ್ನೊಂದ್ ಸಲ ಹೇಳು."

ಅವನು ಹೇಳಿದ. ಮುನಿಶಾಮಪ್ಪನವರ ಕಣ್ಣಲ್ಲಿ ನೀರು ಬಂತು. ಅದನ್ನು ಟವೆಲಿನಲ್ಲಿ ಒರೆಸಿಕೊಂಡು, ಎದ್ದು, ಯಾವುದನ್ನೂ ಹಿಡಿಯದೆ ಜಗಲಿಯಿಂದ ಇಳಿದರು. ಹೆಂಡತಿಯ ಮುಂದೆ ಕೈ ಚಾಚಿದರು. ಆಕೆ ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟರು. ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಮೊಪೆಡ್ಡನ್ನು ಅವರೇ ಈಚೆ ತಳ್ಳಿದರು. ಕೆಲವು ಸಲ ತುಳಿದ ಮೇಲೆ ಅದು ಹೊಗೆ ಬಿಟ್ಟು ಹೊರಟಿತು.

"ಕೂತ್ಕೋ" ಎಂದರು.

"ಎಲ್ಲಿಗಣ್ಣಾ?"

"ಠಾಣೆಗೆ. ಅಲ್ಲಿ ಹೇಳ್ಬೇಕು ಅಂತ ಆಯಮ್ಮ ಮೈಕಲ್ಲಿ ಹೇಳ್ಳಿಲ್ವಾ? ನಾನೂ ಕೇಳಿಸ್ಕೊಂಡಿದೀನಿ."

"ನಾನ್ ಬಸ್ಸಲ್ಲಿ ಬರ್ತೀನಿ."

"ಕೂತ್ಕೊಳೋ ಅಂದೆ!"

ಸೊಪ್ಪಿನ ಹೊರೆ ಇಡುವ ಜಾಗದಲ್ಲಿ ಮೋಹನ್‌ಬಾಬು ಕೂತ. ಕಾಲು ಇಡಲು ಜಾಗವಿರಲಿಲ್ಲ, ಮಂಡಿ ಮಡಚಿ ಮುದುಕನ ಬೆನ್ನ ಹಿಂದೆ ಮುದುಡಿಕೊಂಡ. ಮುನಿಶಾಮಪ್ಪ ಹತ್ತಿರದ ದಾರಿ ಬಿಟ್ಟು ಊರೊಳಗಿನ ದಾರಿ ಹಿಡಿದರು. ಹಾಲಿನ ಡೈರಿ ಮುಂದೆ ಹಾರನ್ ಹೊಡೆದರು. ಟೀ ಅಂಗಡಿ ಮುಂದೆ ಇನ್ನೂ ಜೋರಾಗಿ ಹೊಡೆದರು. ಜನ ಲೋಟ ಹಿಡಿದುಕೊಂಡೇ ಎದ್ದು ನೋಡಿದರು. ಜೀವ ಉಳಿಸಿದ ಮೋಹನ್‌ಬಾಬುವನ್ನು ಕೂರಿಸಿಕೊಂಡು ಮುದುಕ ಗಾಡಿ ಓಡಿಸುತ್ತಿದ್ದಾನೆ ಎಂದು ಕೆಲವರು ನಗುತ್ತಾ ಕೈ ಬೀಸಿದರು. ಮೋಹನ್‌ಬಾಬು ಮುಖವನ್ನು ಆ ಬೆನ್ನಿಗೆ ಮರೆಮಾಡಿಕೊಂಡ.

ಹೊಂಗೆಮರದ ತಿರುವು ಬಂದಾಗ ಅವನು, "ನಿಲ್ಸಿ ಅಣ್ಣಾ" ಎಂದ. ಮುನಿಶಾಮಪ್ಪ ನಿಲ್ಲಿಸಿದರು.

"ಇನ್ನೊಂದೈತೆ. ನೀವ್ ಇಲ್ಲಿ ಬಿದ್ದಿದ್ರಿ. ಗಾಡಿ ಅಲ್ಲಿತ್ತು. ನಾನ್ ಇಳ್ದೋನು ಮೊದ್ಲು ನಿಮ್ಮ್ ಹತ್ರ ಬರ್ಲಿಲ್ಲ. ಮೊದ್ಲು ಹೋಗಿ ಚಂದ್ರಿಕೆ ಒಳಕ್ಕೆ ತಳ್ಳಿ ಹಗ್ಗ ಕಟ್ದೆ. ಆಮೇಲ್ ಬಂದೆ."

ಮುನಿಶಾಮಪ್ಪ ಮೋರಿಯ ಕಡೆ ನೋಡಿದರು, ಟೆಂಪೊ ನಿಂತಿದ್ದ ಜಾಗದ ಕಡೆ ನೋಡಿದರು. ಊರಿನಿಂದ ಇಲ್ಲಿಯವರೆಗೆ ಮುಖದಲ್ಲಿದ್ದ ಸಂತೋಷ ಇಳಿದುಹೋಯಿತು. ಒಂದು ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಅದು ಕಣ್ಮರೆಯಾಗುವವರೆಗೂ ನೋಡಿ, "ಅದನ್ನೂ ಹೇಳು ಅಲ್ಲಿ" ಎಂದರು. ಮತ್ತೆ ಗಾಡಿ ಹೊರಟಿತು. ಆಮೇಲೆ ದಾರಿಯುದ್ದಕ್ಕೂ ಅವರು ಹಾರನ್ ಹೊಡೆಯಲಿಲ್ಲ.

ಠಾಣೆಯಲ್ಲಿ ಪುಟ್ಟಸ್ವಾಮಯ್ಯ ಇಬ್ಬರನ್ನೂ ಒಟ್ಟಿಗೆ ನೋಡಿ ಖುಷಿಯಾಗಿ, "ಬಾರಯ್ಯಾ ಬಾ, ಸನ್ಮಾನಿತರು ಬಂದ್ರು!" ಎಂದು ಕುರ್ಚಿ ಎಳೆದು ಹಾಕಿದರು. ಮೋಹನ್‌ಬಾಬು ಕೂರಲಿಲ್ಲ. ನಿಂತುಕೊಂಡೇ, "ಸಾರ್, ಒಂದು ಆಕ್ಸಿಡೆಂಟು ಹೇಳೋದಿತ್ತು" ಎಂದ. ಪುಟ್ಟಸ್ವಾಮಯ್ಯ ಪೆನ್ನು ತೆಗೆದುಕೊಂಡು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದರು.

ಮುನಿಶಾಮಪ್ಪ ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು ಮೇಜಿನ ಹತ್ತಿರ ಬಂದರು.

"ಅವನ್ದು ಆಮೇಲೆ ಬರ್ಕೊಳ್ಳಿ ಸಾರ್. ಮೊದ್ಲು ಇದ್ ಬರ್ಕೊಳ್ಳಿ. ನಾನಾಗ್ ನಾನು ಬೀಳಲಿಲ್ಲ."